ಕೆಸರಿನ ಹಕ್ಕು

ಯಸೋಥೋನ್ ಪಟ್ಟಣದ ಬಸ್ ನಿಲ್ದಾಣದ ಎದುರು ಫಯೋಮ್‌ಳ ತಳ್ಳುಗಾಡಿ ಇದೆ. ಹಸಿ ಪರಂಗಿಕಾಯಿಯನ್ನು ಮೆಣಸಿನಕಾಯಿ, ನಿಂಬೆರಸದ ಜೊತೆ ಒರಳಿನಲ್ಲಿ ಕುಟ್ಟಿ ಕೊಡುತ್ತಾಳೆ. ಹಬ್ಬ ಬಂತೆಂದರೆ ಗಾಡಿ ಊರು ಬಿಡುತ್ತದೆ. ಏಪ್ರಿಲ್‌ನಲ್ಲಿ ನೀರೆರಚುವ ದಿನಗಳಿಗೆ ಖೋನ್ ಕೇನ್, ಜುಲೈನಲ್ಲಿ ಕೆತ್ತಿದ ಮೇಣದ ದೀಪಗಳ ಮೆರವಣಿಗೆಗೆ ಉಬೋನ್, ನವೆಂಬರ್ ಹುಣ್ಣಿಮೆಗೆ ದೀಪ ತೇಲಿಬಿಡುವ ಚೀ ನದಿಯ ದಂಡೆ. ಹೊರಗಿನಿಂದ ಬಂದವರು ಖಾರಕ್ಕೆ ಮೂಗೊರೆಸಿಕೊಳ್ಳುತ್ತಲೇ ಇನ್ನೊಂದು ತಟ್ಟೆ ಕೇಳುತ್ತಾರೆ. ಅವೆಲ್ಲ ಅವಳಿಗೆ ವ್ಯಾಪಾರದ ದಿನಗಳು. ಮೇ ತಿಂಗಳ ಬಾಣದ ಹಬ್ಬಕ್ಕೆ ಮಾತ್ರ ಗಾಡಿಗೆ ಟಾರ್ಪಾಲು ಹೊದಿಸಿ, ತನ್ನೂರು ನೋಂಗ್ ಕೇಗೆ ಹೋಗಿಬಿಡುತ್ತಾಳೆ.

ಮಳೆ ಕಳಿಸುವುದನ್ನು ಮರೆಯಬೇಡ ಎಂದು ಮೇಲಿರುವ ಥೇನ್ ದೇವರಿಗೆ ನೆನಪಿಸಲು ಊರೂರಿನ ತಂಡಗಳು ಆಳೆತ್ತರದ ಪೈಪಿನ ಬಾಣಗಳಿಗೆ ಸಿಡಿಮದ್ದು ತುಂಬಿ ಆಕಾಶಕ್ಕೆ ಬಿಡುತ್ತವೆ. ಬಾಣ ಹಾರಿದರೆ ಮಾಡಿದವನನ್ನು ಹೆಗಲ ಮೇಲೆ ಹೊತ್ತು ಕುಣಿಸುತ್ತಾರೆ. ಹಾರದಿದ್ದರೆ ಎತ್ತಿ ಕೆಸರಿಗೆ ಎಸೆಯುತ್ತಾರೆ. ನೋಂಗ್ ಕೇಯಲ್ಲಿ ಈ ಎರಡೂ ಗಂಡಸರಿಗೇ ಮೀಸಲಾಗಿದ್ದವು. ಹೆಂಗಸರದು ಮದ್ದಿಗೆ ಇದ್ದಿಲು ಕುಟ್ಟುವ ಕೆಲಸ. ನಲವತ್ತೇಳರ ಫಯೋಮ್ ಇಪ್ಪತ್ತೆರಡು ವರ್ಷ ಕುಟ್ಟಿದ್ದಾಳೆ. ಕುಟ್ಟುತ್ತಲೇ ಉಳಿದದ್ದನ್ನೆಲ್ಲ ನೋಡಿಕೊಂಡಿದ್ದಾಳೆ.

ಈ ವರ್ಷ ತಂಡದ ಯಜಮಾನ, ಅವಳ ದೊಡ್ಡಪ್ಪ ಖಮ್‌ಫೋಂಗ್‌ಗೆ ಭುಜ ಹಿಡಿದುಕೊಂಡು ಕೈ ಎತ್ತಲಾಗಲಿಲ್ಲ. ಮದ್ದು ಬೆರೆಸಿದ್ದು, ಪೈಪಿನೊಳಗೆ ಗಿಡಿದದ್ದು, ನಡುವೆ ಉದ್ದಕ್ಕೆ ತೂತು ಕೊರೆದದ್ದು ಎಲ್ಲ ಫಯೋಮಳೇ. ಹೆಂಗಸು ದಾಟಿದರೆ ಬಾಣ ಮೇಲೇಳುವುದಿಲ್ಲ ಎಂದು ಗಂಡಸರು ಗೊಣಗಿದರು.

"ದಾಟಲ್ಲ ಕಣ್ರೋ, ಕೊರೀತೀನಿ ಅಷ್ಟೆ. ನೀವು ಕುಡಿದು ಅದರ ಮೇಲೆ ಬೀಳದಿದ್ರೆ ಸಾಕು," ಎಂದಳು.

ತಂಡದ ಹೆಸರು ಬರೆಸುವ ದಿನ ಮಾತ್ರ ಅವಳಿಗೆ ಜೋಕು ಹೊಳೆಯಲಿಲ್ಲ. ಬಾಣ ಮಾಡಿದವರ ಜಾಗದಲ್ಲಿ ದೊಡ್ಡಪ್ಪ ಎಂದಿನಂತೆ ತನ್ನ ಹೆಸರೇ ಬರೆಸಿದ್ದ.

"ಹಾರಿದ್ರೆ ನಿಂದು ಅಂತ ನಾನೇ ಮೈಕಲ್ಲಿ ಕೂಗ್ತೀನಮ್ಮ," ಎಂದು ಸಮಾಧಾನ ಹೇಳಿದ. "ಹಾರದಿದ್ರೆ ನಂದೇ ಇರ್ಲಿ. ಕೆಸರು ನನಗೆ ಅಭ್ಯಾಸ."

"ಅದ್ಯಾವ ನ್ಯಾಯ ದೊಡ್ಡಪ್ಪ? ಗೆದ್ರೆ ಮಾತ್ರ ನಾನಾ? ಬಾಣ ನಂದು ಅಂದ್ಮೇಲೆ ಎರಡೂ ನಂದೇ."

ಮುದುಕ ಕಿವಿ ಕೇಳಿಸದವನಂತೆ ಎದ್ದುಹೋದ.

ಹಾರಿಸುವ ದಿನ ಗದ್ದೆಯ ಬದುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೈಕು ಹಿಡಿದಿದ್ದವನು ಸನಾನ್. ಉಳಿದ ದಿನಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅವನು ಆ ದಿನ ಯಾರನ್ನೂ ಬಿಡುವುದಿಲ್ಲ. "ನೋಂಗ್ ಕೇ ತಂಡದವ್ರೇ, ದೇವರು ಕಾಯ್ತಾ ಇದ್ದಾನೆ. ಬಾಣ ಏರಿಸ್ತೀರೋ, ಅಲ್ಲೇ ಅದಕ್ಕೆ ಮದುವೆ ಮಾಡಿಸ್ತೀರೋ?"

ಬಿದಿರಿನ ಅಟ್ಟಣೆಗೆ ಬಾಣ ಏರಿತು. ಬತ್ತಿ ಹೊತ್ತಿತು. ಬುಸ್ ಎಂದು ಬಿಳಿ ಹೊಗೆ ಬಿಟ್ಟು ಬಾಣ ತಾಳೆಮರದ ಎತ್ತರಕ್ಕೆ ನೆಟ್ಟಗೆ ಹೋಯಿತು. ಅಷ್ಟರಲ್ಲಿ ತಲೆಗೆ ಜಡಿದ ಮಣ್ಣಿನ ಬಿರಡೆ ಡಬ್ಬೆಂದು ಕಿತ್ತು ಹಾರಿತು. ಬಾಣ ಒಮ್ಮೆ ಲಾಗ ಹಾಕಿ, ಖಾಲಿ ಗದ್ದೆಯಲ್ಲಿ ಮೂಗು ಹುಗಿದು ನಿಂತಿತು.

"ದೇವರಿಗೆ ಅರ್ಧ ಕಾಗದ ತಲುಪಿದೆ!" ಎಂದ ಸನಾನ್.

ಗಂಡಸರು ಕೇಕೆ ಹಾಕುತ್ತ ಖಮ್‌ಫೋಂಗ್‌ನನ್ನು ಎತ್ತಿಕೊಂಡು ಕೆಸರಿನತ್ತ ಓಡಿದರು. ಫಯೋಮ್ ಹಿಂದೆಯೇ ಓಡಿ ಅಡ್ಡ ನಿಂತಳು.

"ಇಳಿಸ್ರೋ ಅವರನ್ನ! ಕೊರೆದವಳು ನಾನು!"

"ಸುಳ್ಳು ಹೇಳ್ತಾಳೆ," ಎಂದು ಮುದುಕ ಮೇಲಿನಿಂದಲೇ ಕೂಗಿದ. "ನಂದೇ ಬಾಣ. ಎಸೀರಿ ಬೇಗ, ಸೊಂಟ ನೋಯ್ತಿದೆ."

"ಹಂಗಾದ್ರೆ ಹೇಳಿ ನೋಡೋಣ. ತೂತು ಎಷ್ಟು ಗೇಣು?"

ಹೊತ್ತವರು ತಲೆ ಎತ್ತಿ ಮುದುಕನನ್ನೇ ನೋಡಿದರು. "ಐದು... ಐದಿರ್ಬೇಕು," ಎಂದ.

"ಆರೂಮುಕ್ಕಾಲು!"

"ಅಯ್ಯಯ್ಯೋ, ಇಡೀ ಜಿಲ್ಲೆಗೆ ಗುಟ್ಟು ಹೇಳ್ಬಿಟ್ಲಲ್ಲಪ್ಪ!" ಮೈಕು ಅರಚಿತು. "ಬೇರೆ ತಂಡದವ್ರು ಬರ್ಕೊಳ್ರೋ!"

ನಗು ಬದುವಿನಿಂದ ಬದುವಿಗೆ ಹರಿಯಿತು. ಮುದುಕನನ್ನು ಇಳಿಸಿದ್ದಾಯಿತು. ಆದರೆ ಫಯೋಮಳನ್ನು ಎತ್ತಲು ಯಾರೂ ಮುಂದೆ ಬರಲಿಲ್ಲ. ಹೆಂಗಸನ್ನು ಎಲ್ಲಿ ಹಿಡಿಯುವುದೆಂದು ತಿಳಿಯದೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಸೊಂಟಕ್ಕೆ ಕೈಯಿಟ್ಟು ಕಾದಳು. ಎಸೆಯದೆ ಬಿಟ್ಟರೆ ಬಾಣ ಯಾರದೂ ಅಲ್ಲ ಎಂದಾಗುತ್ತಿತ್ತು.

ಇದ್ದಿಲು ಕುಟ್ಟುವ ಗುಂಪಿನ ಬುವಾಫನ್ ಸೆರಗು ಬಿಗಿಯುವಂತೆ ನೆರಿಗೆಯ ಲುಂಗಿಯನ್ನು ಮೇಲೆತ್ತಿ ಕಟ್ಟಿದಳು. "ಬನ್ರೇ, ಗಂಡಸ್ರಿಗೆ ಕೈಲಾಗ್ದು." ಐವರು ಹೆಂಗಸರು ಕೈಕಾಲು ಹಿಡಿದೆತ್ತಿದರು.

"ಥೂ, ಏನ್ ತೂಕ ಇದ್ದೀಯೇ! ಆ ಬಾಣ ಏಳದಿದ್ದದ್ರಲ್ಲಿ ತಪ್ಪೇನಿದೆ?"

"ಮಾತಾಡ್ಬೇಡ, ಎಸಿ!"

ಒಂದು, ಎರಡು ಎಂದು ತೂಗಿ ಎಸೆದರು. ಅಂಗಾತ ಬಿದ್ದ ಫಯೋಮ್ ಕೆಸರುಮುಖದಲ್ಲಿ ಕಣ್ಣು, ಹಲ್ಲು ಮಾತ್ರ ಕಾಣುವಂತೆ ಎದ್ದು ಕೂತಳು. ಖಮ್‌ಫೋಂಗ್ ಮೈಕು ಕಸಿದುಕೊಂಡು, "ನಮ್ಮ ಫಯೋಮ್ ಮಾಡಿದ ಬಾಣ ಇದು, ಕೇಳಿಸ್ತಾ?" ಎಂದು ಮೂರು ಸಲ ಕೂಗಿದ.

ಪಕ್ಕದೂರಿನ ತಂಡದ ಯಜಮಾನ ಪ್ರಚಕ್ ಕೆಸರಿನ ದಂಡೆಗೆ ಬಂದು ಕುಕ್ಕರಗಾಲಲ್ಲಿ ಕೂತ. ಅಷ್ಟು ವರ್ಷಗಳಲ್ಲಿ ಅವನು ಅವಳ ಜೊತೆ ಪರಂಗಿಕಾಯಿ ಬಿಟ್ಟು ಬೇರೆ ಮಾತಾಡಿದವನಲ್ಲ.

"ಬಿರಡೆಗೆ ಯಾವ ಮಣ್ಣು ಹಾಕಿದ್ರಿ ಅಕ್ಕ?"

"ಗದ್ದೇದು. ಅಲ್ಲೇ ಕೆಟ್ಟಿದ್ದು. ಹುತ್ತದ ಮಣ್ಣು ಹಾಕ್ಬೇಕಿತ್ತು ಅನ್ಸುತ್ತೆ. ನೀವ್ಯಾವ್ದು ಹಾಕ್ತೀರಿ?"

"ಅದನ್ನೆಲ್ಲ ಹೇಳೋಕಾಗುತ್ತಾ?" ಎಂದು ಪ್ರಚಕ್ ನಕ್ಕ.

ಫಯೋಮ್ ಅವನ ಎರಡೂ ಪಾದ ಹಿಡಿದು ಕೆಸರೊಳಗೆ ಎಳೆದುಕೊಂಡಳು. ಅವನ ಬಾಣಕ್ಕೆ ಇನ್ನೂ ಬತ್ತಿಯನ್ನೇ ಹಚ್ಚಿರಲಿಲ್ಲ.