ಸಂಜೆಯ ಗಾಡಿ ಮತ್ತು ನನ್ನ ಭಾಷಣ

ವಾಡಿಯಲ್ಲಿ ನಾನು ಹತ್ತನೆಯ ತರಗತಿಯವರೆಗೆ ಓದಿದ ಸಣ್ಣ ಹೈಸ್ಕೂಲಿನ ಬಹುಮಾನ ಸಮಾರಂಭಕ್ಕೆ ಕಳೆದ ವರ್ಷ ನನ್ನನ್ನು ಕರೆದಿದ್ದರು. ಅತಿಥಿಗಳ ಸನ್ಮಾನ, ಭಾಷಣ ಎಲ್ಲ ಮುಗಿದ ಮೇಲೆಯೇ ಮಕ್ಕಳಿಗೆ ಬಹುಮಾನ. ನನ್ನ ಭಾಷಣ ಕೊನೆಯದು.

ಮುಂದಿನ ಸಾಲಿನಲ್ಲಿ, ಓಟದಲ್ಲಿ ತಾಲೂಕಿಗೇ ಮೊದಲು ಬಂದ ಹುಡುಗಿ ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ. ಮಗಳು ವೇದಿಕೆ ಹತ್ತುವುದನ್ನು ನೋಡಲೆಂದೇ ಕೂಲಿ ಬಿಟ್ಟು ಬಂದಿದ್ದಳು. ಇಬ್ಬರೂ ಸಂಜೆಯ ರೈಲುಗಾಡಿಗೆ ತಮ್ಮ ಊರು ನಾಲವಾರಕ್ಕೆ ಹಿಂತಿರುಗಬೇಕಿತ್ತು.

ಈಗ ತಲೆ ನೆರೆತ ಮುದುಕನಾದ ನಾನು, ಇದೇ ಮೈದಾನದಲ್ಲಿ ಹುಡುಗನಾಗಿದ್ದಾಗ ಓಡಿದ ಕಥೆ ಹೇಳುತ್ತಿದ್ದೆ. ತಾಯಿ ಚಡಪಡಿಸುವುದು ನನಗೆ ಕಾಣುತ್ತಿತ್ತು. ಕೊರಳ ಹಾರ, ಹೆಗಲ ಶಾಲು, ಎದುರಿನ ಮೈಕು ನನ್ನನ್ನು ಕಟ್ಟಿಹಾಕಿದ್ದವು ಎಂದರೆ ಅರ್ಧ ಸುಳ್ಳು. ಕಥೆಯಲ್ಲಿ ನಾನಿನ್ನೂ ಗೆದ್ದಿರಲಿಲ್ಲ, ಅದಕ್ಕೇ ನಿಲ್ಲಿಸಲಿಲ್ಲ.

“ಈ ಮುತ್ಯಾಂದು ಮುಗಿಯಂಗ ಕಾಣಂಗಿಲ್ಲ, ಏಳು. ಗಾಡಿ ಹೋಗ್ತದ,” ಎಂದು ತಾಯಿ ಮಗಳ ಕೈಹಿಡಿದು ಎಬ್ಬಿಸಿಕೊಂಡು ಹೋದಳು. ನನ್ನ ಭಾಷಣ ಮುಗಿದ ಮೇಲೆ ಹುಡುಗಿಯ ಹೆಸರು ಕೂಗಿದರು. ಮತ್ತೆ ಕೂಗಿದರು. ಯಾರೂ ವೇದಿಕೆ ಹತ್ತಲಿಲ್ಲ.

ಮರುದಿನ ಹೆಡ್ ಮಾಸ್ಟರರನ್ನು ಕೇಳಿ ಹುಡುಗಿಯ ಬಹುಮಾನದ ಕಪ್ ಇಸಿದುಕೊಂಡು ನಾನೇ ನಾಲವಾರಕ್ಕೆ, ಅವಳ ಮನೆಗೆ ಒಯ್ದೆ. ತಪ್ಪಾಯಿತು ಎಂದೆ. ತಾಯಿ ಚಾ ಮಾಡಲು ಒಳಗೆ ಹೋದಳು. ಚಾ ಕುಡಿಯದೆ ನಾನು ಎದ್ದು ಬರುವಂತೆಯೂ ಇರಲಿಲ್ಲ.

“ಇರ್ಲಿ ಬಿಡ್ರಿ ಮುತ್ಯಾ,” ಎಂದಳು ಹುಡುಗಿ. “ನಿಮ್ಮ ಕಥಿ ಅರ್ಧಕ್ಕ ಬಿಟ್ಟು ಬಂದೀವಿ. ಮುಂದ ಏನಾತ್ರಿ? ಗೆದ್ರೇನ್ರಿ?”

ಗೆದ್ದಿದ್ದೆ, ಆದರೆ ಅವಳ ಕಪ್ಪಿನೆದುರು ಹಾಗೆನ್ನಲು ಬಾಯಿ ಬರಲಿಲ್ಲ. ಚಾ ಬರುವವರೆಗೂ ಅವಳು ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.