ಏನೂ ತಿಂದಿಲ್ಲ

‘ಏನು’ ಎಂಬ ಪುಟ್ಟ ಮಾತಿನ ಬಾಲವನ್ನು ತುಸು ಎಳೆದರೆ ‘ಏನೂ’, ತಿರುಚಿದರೆ ‘ಏನೋ’. ಮಿತ್ರರೇ, ನಮ್ಮ ‘ಏನೂ’ ಒಂದು ‘ಇಲ್ಲ’ದ ಕೈ ಹಿಡಿಯದೆ ನಡೆಯಲಾರದು, ಇಂಗ್ಲಿಷಿನ ‘ನಥಿಂಗ್’ ಆ ‘ಇಲ್ಲ’ವನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಹುಟ್ಟಿದೆ. ಅದರ ಪಕ್ಕ ಇನ್ನೊಂದು ‘ನಾಟ್’ ಕೂರಿಸಿದರೆ ಎರಡು ಇಲ್ಲಗಳು ಕಾದಾಡಿ ‘ಉಂಟು’ ಆಗಿಬಿಡುತ್ತದೆಂದು ತಿಕೋಟಾದ ನನ್ನ ಶಾಲೆಯ ಮಕ್ಕಳಿಗೆ ವರ್ಷವೂ ಹೇಳುತ್ತೇನೆ.

ಹೋದ ಸುಗ್ಗಿಯಲ್ಲಿ, ಸಾರವಾಡದಲ್ಲಿ ಒಕ್ಕಲುತನ ಮಾಡುವ ನನ್ನ ತಮ್ಮ ಬಸುವಿನ ಹೆಂಡತಿ ಗಂಗವ್ವ ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ಮೊಣಕೈ ಮುರಿದುಕೊಂಡಳು. ನಗರದ ಜೋರಾಪುರ ಪೇಟೆಯ ನನ್ನ ಮನೆಯಿಂದ ನಾನು ಅಲ್ಲಿನ ಆಸ್ಪತ್ರೆಗೆ ಓಡಿದಾಗ ಅವಳನ್ನು ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ತಂದಿದ್ದರು. ಅರಿವಳಿಕೆ ಕೊಡುವ ವೈದ್ಯೆ ಹೊರರಾಜ್ಯದಿಂದ ಹೊಸದಾಗಿ ಬಂದವರು, ಕನ್ನಡ ಬಾರದು. ನರ್ಸು ಒಳಗೆ ಸಿದ್ಧತೆಯಲ್ಲಿದ್ದಳು. ಬೆಳಗಿನಿಂದ ಏನಾದರೂ ತಿಂದಿದ್ದಾಳೆಯೇ ಎಂದು ವೈದ್ಯೆ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಬಸು ತನಗೆ ಬಂದ ಇಂಗ್ಲಿಷಿನಲ್ಲೇ ಉತ್ತರಿಸಿದ: “ಶಿ ಡಿಡ್ ನಾಟ್ ಈಟ್ ನಥಿಂಗ್, ಮೇಡಂ.”

ವೈದ್ಯೆಯ ಹುಬ್ಬು ಗಂಟಿಕ್ಕಿತು. ತಿಂದಿದ್ದಾಳೋ ಇಲ್ಲವೋ? ಹೊಟ್ಟೆಯಲ್ಲಿ ಆಹಾರವಿದ್ದಾಗ ಅರಿವಳಿಕೆ ಕೊಟ್ಟರೆ ಅದು ಉಸಿರಿನ ನಾಳಕ್ಕೆ ನುಗ್ಗಿ ಜೀವಕ್ಕೇ ಕುತ್ತು. ಅವರು ನನ್ನತ್ತ ತಿರುಗಿದರು. ‘ಶಿ ಏಟ್ ನಥಿಂಗ್’ ಎಂದು ತಿದ್ದಲು ನನ್ನ ನಾಲಗೆ ತವಕಿಸುತ್ತಿತ್ತು. ಆದರೆ ವ್ಯಾಕರಣ ಬಲ್ಲ ನನಗೆ ಸಂಗತಿ ಗೊತ್ತಿಲ್ಲವಲ್ಲ ಎನಿಸಿ ಗಂಗವ್ವನನ್ನೇ ಕೇಳಿದೆ.

“ಏನೂ ತಿಂದಿಲ್ರಿ ಭಾವಾರ,” ಎಂದಳು, ನೋವಿಗೆ ಹಲ್ಲು ಕಚ್ಚಿ. “ಗುಳಿಗಿ ನುಂಗಾಕಂತ ಈಗ ಸ್ವಲ್ಪ ಮೊದ್ಲ ಚಹಾದಾಗ ಒಂದ್ ತುಣುಕು ರೊಟ್ಟಿ ಅದ್ಕೊಂಡ್ ತಿಂದೇನಿ, ಅಷ್ಟ.”

ತಾಟಿನ ಮುಂದೆ ಕೂತು ಉಣ್ಣದ್ದನ್ನು ಊಟವೆನ್ನದ ನಮ್ಮ ಹೆಂಗಸರ ‘ಏನೂ’ವಿನೊಳಗೆ ಎಷ್ಟೆಲ್ಲ ‘ಏನೋ’ಗಳು ಅಡಗಿವೆ! ವೈದ್ಯೆಗೆ ‘ಸಮ್‌ಥಿಂಗ್’ ಎಂದೆ. ಅವರು ತಟ್ಟನೆ ಕೈಯೆತ್ತಿ ಎಲ್ಲವನ್ನೂ ನಿಲ್ಲಿಸಿದರು, ಸಂಜೆಯವರೆಗೆ ಕಾಯಬೇಕೆಂದರು.

ಆ ಹೊತ್ತು ಸರಿಯಲೊಲ್ಲದು. ಬಾತ ಕೈಗೆ ರಕ್ತ ಹರಿಯದೆ ಬೆರಳು ತಣ್ಣಗಾದೀತೆಂಬ ಭಯಕ್ಕೆ ನರ್ಸು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ನರ್ಸಿನ ಮುಖವನ್ನು ನಾವು ನೋಡುತ್ತಿದ್ದೆವು. ಕೊನೆಗೆ ಬಸು ಮೆಲ್ಲಗೆ ಕೇಳಿದ: “ಅಣ್ಣಾ, ನಾ ತಪ್ಪ ಹೇಳಿದ್ನೇನು?”

“ಇಂಗ್ಲಿಷ್ ತಪ್ಪಿತ್ತಪಾ. ಮಾತು ಖರೇ ಇತ್ತು.”

ಸಂಜೆ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಮರುದಿನ ಬೆಳಿಗ್ಗೆ ಗಂಗವ್ವ ಕಣ್ಣು ತೆರೆದು, “ಏನಾರ ತಿನ್ನಾಕ ಕೊಡ್ರಿ” ಎಂದಳು. ವೈದ್ಯೆ ಮೊಗಸಾಲೆಯಲ್ಲಿ ಹಾದುಹೋಗುತ್ತಿದ್ದರು. ನಾನು ಏಳುವಷ್ಟರಲ್ಲಿ, ನನ್ನ ಕಡೆ ನೋಡದೆಯೇ, ಬಸು ಹೊರಗೆ ಹೋಗಿ ತಾನೇ ಕೇಳಿದ. ‘ನಥಿಂಗ್’ ಎಂದನೋ ‘ಸಮ್‌ಥಿಂಗ್’ ಎಂದನೋ ನನಗೆ ಕೇಳಿಸಲಿಲ್ಲ. ವೈದ್ಯೆ ನಕ್ಕು ತಲೆಯಾಡಿಸಿದ್ದು ಮಾತ್ರ ಕಂಡಿತು.