ಪಾಪಮ್ಮ ಸಾರಿಸಿದ ಗೋಡೆ

ಕಳಸದ ಕಡೆಯ ನಮ್ಮ ಎಸ್ಟೇಟಿನಲ್ಲಿ ಪಾಪಮ್ಮನಷ್ಟು ಚೆಂದ ಗೋಡೆ ಸಾರಿಸುವವರು ಇನ್ನೊಬ್ಬರಿರಲಿಲ್ಲ. ಹಾಗೆಂದು ಹೇಳುತ್ತಿದ್ದವಳೂ ಪಾಪಮ್ಮನೇ. ಕೂಲಿ ಲೈನಿನ ಮನೆಗಳೆಲ್ಲ ಕಾಡುಕಲ್ಲಿನವು. ಕಲ್ಲುಗಳ ನಡುವೆ ಬರೀ ಮಣ್ಣು. ಗಾರೆಯಿಲ್ಲ, ಮೂಲೆ ಬಿಗಿಹಿಡಿಯಲು ಒಂದು ಮರದ ತುಂಡೂ ಇಲ್ಲ. ಆದರೂ ಪಾಪಮ್ಮನ ಮನೆ ವರ್ಷವಿಡೀ ಕೆಮ್ಮಣ್ಣು ಬಳಿದುಕೊಂಡು ಹಬ್ಬಕ್ಕೆ ಹೊರಟಂತೆ ನಿಂತಿರುತ್ತಿತ್ತು.

ದೊಡ್ಡ ಯುದ್ಧಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ ನೆಲ ನಡುಗಿತು. ಪಾತ್ರೆಗಳು ಗಲಗಲ ಎಂದವು, ಅಷ್ಟೇ. ಆದರೆ ಸಾಹುಕಾರರು ಹೆದರಿದರು. ಇನ್ನೊಮ್ಮೆ ನಡುಗಿದರೆ ಯಾವ ಮನೆ ಬೀಳಬಹುದೆಂದು ನೋಡಲು ಚಿಕ್ಕಮಗಳೂರಿನಿಂದ ಓವರ್‌ಸಿಯರ್ ಪರಮೇಶ್ವರಪ್ಪನವರನ್ನು ಕರೆಸಿದರು. ಬಿರುಕು ಬಿಟ್ಟ ಮನೆಗಳನ್ನು ಕೆಡವಿ, ಗಾರೆ ಹಾಕಿ, ಗೋಡೆಯ ಸುತ್ತ ಮರದ ಪಟ್ಟಿ ಕೊಟ್ಟು ಹೊಸದಾಗಿ ಕಟ್ಟುವುದೆಂದಾಯಿತು.

ದೊಡ್ಡವರು ಬರುತ್ತಾರೆಂದರೆ ಮನೆ ಸಾರಿಸದೆ ಇರುವುದುಂಟೇ? ಪಾಪಮ್ಮನ ಅಡಿಗೆಮನೆಯ ಮೂಲೆಯಲ್ಲಿ ಕೈ ತೂರುವಷ್ಟು ಬಿರುಕಿತ್ತು. ಅದಕ್ಕೆ ಹುಲ್ಲು ತುರುಕಿ, ಸಗಣಿ ಮೆತ್ತಿ, ಮೇಲೆ ಸುಣ್ಣದಲ್ಲಿ ಬಳ್ಳಿ ಬರೆದಳು.

ಪರಮೇಶ್ವರಪ್ಪನವರು ಗೋಡೆಯನ್ನು ಕೋಲಿನಿಂದ ತಟ್ಟಿ, "ಬಿರುಕು ಗಿರುಕು ಉಂಟೇನಮ್ಮ?" ಎಂದರು.

"ನನ್ನ ಮನೇಲಾ? ಎಂಥ ಮಾತು ಅಯ್ಯ!"

ಅವರು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ 'ಗಟ್ಟಿ' ಎಂದು ಬರೆದರು. ಓದು ಬಾರದ ಪಾಪಮ್ಮ ಸಂಜೆಯವರೆಗೂ ಅದನ್ನು ಹೋಗಿ ಬರುವವರಿಗೆಲ್ಲ ಓದಿ ಹೇಳಿದಳು.

ಮಾರನೆಯ ದಿನ ಮಗಳು ಗಿಡ್ಡಮ್ಮ ಚೊಚ್ಚಲ ಹೆರಿಗೆಗೆಂದು ಬಂದಳು. ಬಂದವಳೇ ಒಲೆ ಬಿಸಿ ತಾಗುವ ಆ ಮೂಲೆಯಲ್ಲೇ ಚಾಪೆ ಹಾಸಿದಳು.

"ಅಲ್ಲಿ ಬೇಡ ಮಗ."

"ಯಾಕವ್ವ? ಗಟ್ಟಿ ಅಂತ ಬರ್ದಿದಾರಂತಲ್ಲ?"

 ಪಾಪಮ್ಮ ಊರಿಗೆ ಹೊರಟಿದ್ದ ಓವರ್‌ಸಿಯರರನ್ನು ಓಡಿಹೋಗಿ ಕರೆತಂದಳು. ಲೈನಿನವರೆಲ್ಲ ಹಿಂದೆಯೇ ಬಂದರು. ಅವರ ಎದುರಿಗೇ ಕತ್ತಿ ತೆಗೆದು ಬಳ್ಳಿಯನ್ನು ಕೆರೆಯತೊಡಗಿದಳು.

"ಸುಳ್ಳು ಹೇಳಿದ್ದೆ ಅಯ್ಯ. ನನ್ನ ಮನೆನೇ ಮೊದ್ಲು ಕೆಡವಿ."

ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಅವಳ ಕಣ್ಣು ನೋಡಿದ ಮೇಲೆ ನನ್ನ ನಗು ನಿಂತಿತು. ಪರಮೇಶ್ವರಪ್ಪನವರು "ಸಾಕಮ್ಮ, ಕಂಡಿತು" ಎಂದರು. ಪಾಪಮ್ಮ ಬಿಡಲಿಲ್ಲ. ಬಿರುಕು ಸೂರಿನವರೆಗೂ ಕಾಣುವ ತನಕ ಅಳುತ್ತಲೇ ಕೆರೆದಳು.